ಮಿಲಿಮೀಟರ್ ಅಕ್ಕನ ನಲವತ್ತು ದಿನ

ಅವಳು ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದವರನ್ನ ನೋಡಿದೀನಿ. ಇವಳು ಕೈಗೂ ಕಟ್ಕೊಂಡು ಬಂದಿದಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನು ಉಗುರಿನಿಂದ ಟಕಟಕ ತಟ್ಟುವಳು. ಬಾಗಿಲು ಹಾಕಿದರೆ ಚಿಲಕ ಬಿತ್ತೋ ಇಲ್ಲವೋ ಎಂದು ಮೂರು ಸಲ ಎಳೆದು ನೋಡುವಳು. ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಕಿಟಕಿಯಿಂದ ದೂರ ಕೂರಿಸಿದ್ದರು; ಆಗ ಅವಳು ಬೆಂಚಿನ ಮೊಳೆಗಳನ್ನು ಎಣಿಸುವುದಕ್ಕೆ ಶುರುಮಾಡಿದಳು. ಇಂಥವಳಿಗೆ ಕುರ್ಚಿಯ ಕೆಲಸ ಸಿಕ್ಕಿದ್ದರೆ ಕುರ್ಚಿಯೇ ರಾಜೀನಾಮೆ ಕೊಡುತ್ತಿತ್ತು. ಪುಣ್ಯಕ್ಕೆ ನಡೆಯುವ ಕೆಲಸ ಸಿಕ್ಕಿತು.

ಅದು ಅದಿರು ಅರೆಯುವ ಕಾರ್ಖಾನೆ. ಬೆಟ್ಟದಿಂದ ಬಂದ ಕಲ್ಲನ್ನು ನುಣ್ಣಗೆ ಅರೆದು, ಅದರಲ್ಲಿದ್ದ ಲೋಹವನ್ನು ತೆಗೆದುಕೊಂಡ ಮೇಲೆ ಉಳಿಯುವ ಪುಡಿಯನ್ನು ನೀರಿನಲ್ಲಿ ಕಲಸಿ ಹನ್ನೊಂದು ಕಿಲೋಮೀಟರ್ ಆಚೆಯ ದೊಡ್ಡ ಕೊಳಕ್ಕೆ ಉಕ್ಕಿನ ಕೊಳವೆಯಲ್ಲಿ ತಳ್ಳುತ್ತಾರೆ. ಕಾಗದಪತ್ರದಲ್ಲಿ ಅದರ ಹೆಸರು ಸ್ಲರಿ. ಕೆಲಸದವರ ಬಾಯಲ್ಲಿ ರಾಡಿ. ನೋಡಿದರೆ ಬೂದು ಬಣ್ಣದ ಕೆಸರು, ಕೈಗೆ ಸವರಿಕೊಂಡರೆ ತಣ್ಣಗಿರುತ್ತದೆ. ಆದರೆ ಅದು ನೀರಿನ ವೇಷ ಹಾಕಿದ ಅರ. ಹಗಲಿರುಳು ಉಕ್ಕನ್ನು ಒಳಗಿನಿಂದ ಉಜ್ಜುತ್ತಲೇ ಇರುತ್ತದೆ. ಹೊರಗೆ ಬಣ್ಣ ಹಚ್ಚಿದ ಕೊಳವೆ ಮದುಮಗನ ಹಾಗೆ ಹೊಳೆಯುತ್ತಿದ್ದರೂ ಒಳಗೆ ಎಷ್ಟು ಉಳಿದಿದೆ ಎನ್ನುವುದು ಯಾರ ಕಣ್ಣಿಗೂ ಕಾಣದು. ಅದನ್ನು ಅಳೆದು, ಯಾವ ಜಾಗ ಯಾವಾಗ ತೂತಾಗುತ್ತದೆಂದು ಮುಂಚಿತವಾಗಿ ಹೇಳುವುದೇ ಅವಳ ಕೆಲಸ.

ಅವಳ ಹೆಗಲ ಚೀಲದಲ್ಲಿ ಅಂಗೈಯಗಲದ ಒಂದು ಯಂತ್ರ, ಅದಕ್ಕೊಂದು ತಂತಿ, ತಂತಿಯ ತುದಿಯಲ್ಲಿ ಗುಂಡಿಯಂಥ ಒಂದು ಮೂತಿ. ಕೊಳವೆಗೆ ಒಂದಿಷ್ಟು ಜೆಲ್ ಸವರಿ ಮೂತಿಯನ್ನು ಒತ್ತಿ ಹಿಡಿದರೆ, ಕಿವಿಗೆ ಕೇಳದ ಸದ್ದೊಂದು ಉಕ್ಕಿನೊಳಗೆ ಹೋಗಿ ಆಚೆಯ ಅಂಚಿಗೆ ಬಡಿದು ವಾಪಸು ಬರುತ್ತದೆ. ಗೋಡೆಯ ದಪ್ಪ ಎಷ್ಟೆಂದು ಪರದೆಯ ಮೇಲೆ ಮೂಡುತ್ತದೆ. ಹೊಸ ಕೊಳವೆ ಹನ್ನೆರಡು ಮಿಲಿಮೀಟರ್. ಮೂರಕ್ಕೆ ಇಳಿದರೆ ತೆಗೆದು ಹಾಕಬೇಕು. ಯಾರಾದರೂ "ಏನಕ್ಕ, ಚೆನ್ನಾಗಿದೀರಾ?" ಎಂದರೆ ಇವಳು "ಏಳು ಬಿಂದು ಆರು" ಎಂದು ಉತ್ತರ ಕೊಟ್ಟ ದಿನವೂ ಉಂಟು. ಹಾಗಾಗಿ ಕಾರ್ಖಾನೆಯಲ್ಲಿ ಅವಳು ಮಿಲಿಮೀಟರ್ ಅಕ್ಕ.

ಅವಳ ಗಂಡ ಹಲ್ಲಿನ ಸೆಟ್ಟು ಮಾಡುವವನು. ಮನೆಯ ಮುಂದಿನ ಕೋಣೆಯಲ್ಲೇ ಅವನ ಮೇಜು. ಮೇಜಿನ ತುಂಬ ಯಾರದೋ ದವಡೆಗಳ ಅಚ್ಚು. ಅವನು ತಣ್ಣನೆಯ ಮನುಷ್ಯ. ಒಂದು ದಿನ ಅವಳಿಗೆ ಬಾಯಿ ತೆರೆಯಲು ಹೇಳಿ ಕನ್ನಡಿ ಹಿಡಿದು ನೋಡಿದ. "ಕಾರ್ಖಾನೇಲಿ ಅರೆಯೋದು ಸಾಲದು ಅಂತ ಇಲ್ಲೂ ಅರೀತಿದೀಯಲ್ಲೇ. ದವಡೆ ಹಲ್ಲು ಅರ್ಧ ಸವೆದಿದೆ" ಎಂದ.

"ಎಷ್ಟು ಸವೆದಿದೆ? ಅಳೆದು ಹೇಳಿ" ಎಂದಳು ಅವಳು, ಬಾಯಿ ತೆರೆದುಕೊಂಡೇ.

ಅವಳಿಗೆ ಈ ಕೆಲಸ ಕೊಡಿಸಿದ್ದು ಅಣ್ಣ. ಅವನು ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು. ಅದೇ ಕಾರ್ಖಾನೆಯ ಪಂಪ್‌ಹೌಸಿನಲ್ಲಿ ಇಪ್ಪತ್ತಾರು ವರ್ಷದಿಂದ ಆಪರೇಟರ್. ರಾಡಿಯನ್ನು ಕೊಳವೆಗೆ ತಳ್ಳುವ ಪಂಪುಗಳು ಅವನ ಕೈಯಲ್ಲಿದ್ದವು. ಆ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಮಾತನ್ನೇ ಬಿಟ್ಟವನ ಹಾಗೆ, ಮನೆಯಲ್ಲೂ ಎಣಿಸಿ ಆಡುತ್ತಿದ್ದ. ಅಪ್ಪ ಹೋದಾಗ ಅವಳಿಗೆ ಎಂಟು ವರ್ಷ. ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು, ಅವಳ ಪರೀಕ್ಷೆಯ ದಿನ ಗೇಟಿನ ಹೊರಗೆ ನಿಂತವನು ಅವನೇ. ಒಂದು ದಿನವೂ "ಚೆನ್ನಾಗಿ ಓದು" ಎಂದು ಬಾಯಿಬಿಟ್ಟು ಹೇಳಿದವನಲ್ಲ.

ಆ ವರ್ಷ ಬೆಟ್ಟದ ಹೊಸ ಮಗ್ಗುಲಿನಿಂದ ಅದಿರು ಬರತೊಡಗಿತ್ತು. ಗಟ್ಟಿ ಕಲ್ಲು, ಎಷ್ಟು ಅರೆದರೂ ಪುಡಿ ದಪ್ಪವೇ. ಅವಳ ಪುಸ್ತಕದಲ್ಲಿ ಅಂಕಿಗಳು ಇಳಿಯುವ ರೀತಿ ಬದಲಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಹದಿನಾಲ್ಕನೇ ಬೆಂಡು. ಕೊಳವೆ ಅಲ್ಲಿ ಗುಡ್ಡದ ಮೂಲೆಯನ್ನು ಬಳಸಿ ಎಡಕ್ಕೆ ತಿರುಗುತ್ತದೆ. ಓಡಿ ಬಂದ ರಾಡಿ ತಿರುವಿನಲ್ಲಿ ಹೊರಗೋಡೆಗೆ ಅಪ್ಪಳಿಸುತ್ತದೆ. ಒಂದು ವಾರ ಏಳು ಬಿಂದು ಆರು. ಮುಂದಿನ ವಾರ ಆರು ಬಿಂದು ಒಂಬತ್ತು. ಅದರ ಮುಂದಿನ ವಾರ ಆರು ಬಿಂದು ಒಂದು. ವಾರಕ್ಕೆ ಮುಕ್ಕಾಲು ಮಿಲಿಮೀಟರ್! ಗೀಟು ಎಳೆದು, ಲೆಕ್ಕ ಹಾಕಿ, ಮತ್ತೆ ಹಾಕಿ, ವರದಿ ಹಿಡಿದು ಸೂಪರಿಂಟೆಂಡೆಂಟರ ಕೋಣೆಗೆ ಹೋದಳು.

"ಎಷ್ಟು ದಿನ ಅಂದ್ರಿ?" ಎಂದರು ಅವರು.

"ನಲವತ್ತು, ಸರ್. ಅದರೊಳಗೆ ತೂತು ಬೀಳುತ್ತೆ."

"ಹೊಸ ಬೆಂಡು ಬರೋಕೇ ಎರಡು ತಿಂಗಳಿದೆಯಲ್ಲಮ್ಮ. ಅಲ್ಲೀತನಕ ಕಾರ್ಖಾನೆ ನಿಲ್ಲಿಸಿ ಅಂತ ಹೋಗಿ ಹೇಳಿದ್ರೆ, ಮೇಲಿನವರು ನನ್ನನ್ನೇ ಅರೆದು ಪೈಪಿಗೆ ಬಿಡ್ತಾರೆ." ಅವರು ಕೆಟ್ಟ ಮನುಷ್ಯರಲ್ಲ, ಎರಡು ಕಡೆಯಿಂದಲೂ ಒತ್ತಿಸಿಕೊಂಡು ಚಪ್ಪಟೆಯಾದವರು. ಸ್ವಲ್ಪ ಯೋಚಿಸಿ, "ಪಂಪಿನ ಸ್ಪೀಡು ಇಳಿಸಿದ್ರೆ? ಮೆತ್ತಗೆ ಬಂದ್ರೆ ಮೆತ್ತಗೆ ಉಜ್ಜುತ್ತೆ ಅಲ್ವಾ?" ಎಂದರು.

"ಅದು ಮಾತ್ರ ಬೇಡ, ಸರ್. ರಾಡಿ ಓಡ್ತಿರಬೇಕು. ನಡೆಯೋಕೆ ಶುರು ಮಾಡಿದ್ರೆ ಮರಳು ತಳಕ್ಕೆ ಕೂತು ತೆವಳುತ್ತೆ. ಆಮೇಲೆ ಎಲ್ಲಿ ತಿನ್ನುತ್ತೋ ಹೇಳೋಕಾಗಲ್ಲ."

"ಸರಿ ಹಾಗಾದ್ರೆ" ಎಂದು ಅವರು ಬೆಂಡಿನ ಸುತ್ತ ಹಗ್ಗ ಕಟ್ಟಿಸಿದರು, ಮುಂದೆ ಒಂದು ಕಬ್ಬಿಣದ ತಗಡು ನಿಲ್ಲಿಸಿದರು, 'ಇಲ್ಲಿ ನಿಲ್ಲಬಾರದು' ಎಂದು ಬೋರ್ಡು ಬರೆಸಿದರು. ಕಾಗದ ಕಡತಕ್ಕೆ ಹೋಯಿತು.

ಆ ಭಾನುವಾರ ಅವಳು ಅಮ್ಮನನ್ನು ನೋಡಲು ಅಣ್ಣನ ಮನೆಗೆ ಹೋಗಿದ್ದಳು. ಬಾಯಿ ತಡೆಯಲಿಲ್ಲ. ಹದಿನಾಲ್ಕನೇ ಬೆಂಡು, ನಲವತ್ತು ದಿನ, ಹಗ್ಗ, ತಗಡು ಎಲ್ಲವನ್ನೂ ಅತ್ತಿಗೆಯ ಮುಂದೆ ಹೇಳಿಕೊಂಡಳು. "ನನ್ನ ಮಾತು ಯಾರಿಗೂ ಬೇಕಿಲ್ಲ ಅತ್ತಿಗೆ. ಒಡೆದ ಮೇಲೆ ಬರ್ತಾರೆ" ಎಂದಳು. ಅತ್ತಿಗೆ ಬಟ್ಟೆ ಮಡಿಸುತ್ತ ಹೂಂಗುಟ್ಟಿದಳು. ಅಣ್ಣ ಮೂಲೆಯಲ್ಲಿ ಕೂತು ತನ್ನ ಬೂಟಿನ ಲೇಸು ಬದಲಾಯಿಸುತ್ತಿದ್ದ. ತಲೆ ಎತ್ತಲಿಲ್ಲ. ಸ್ಪೀಡು ಇಳಿಸಬಾರದೆಂದು ಸಾಹೇಬರಿಗೆ ಹೇಳಿದ್ದ ಆ ಒಂದು ಮಾತನ್ನು ಅವಳು ಅಲ್ಲಿ ಹೇಳಲಿಲ್ಲ. ಹೇಳಬೇಕೆಂದು ತೋಚಲೂ ಇಲ್ಲ.

ಮುಂದಿನ ವಾರದ ಅಳತೆ ಐದು ಬಿಂದು ಒಂಬತ್ತು. ಐದು ಬಿಂದು ನಾಲ್ಕು ಇರಬೇಕಿತ್ತು. ಜೆಲ್ ಒಣಗಿರಬೇಕೆಂದು ಒರೆಸಿ ಮತ್ತೆ ಹಚ್ಚಿದಳು. ಐದು ಬಿಂದು ಒಂಬತ್ತು. ಅದರ ಮುಂದಿನ ವಾರ ಐದು ಬಿಂದು ಏಳು. ಯಂತ್ರದ ಮೇಲೆ ಗುಮಾನಿ ಬಂತು. ದಪ್ಪ ಗೊತ್ತಿರುವ ಮೆಟ್ಟಿಲು ಮೆಟ್ಟಿಲಿನ ಉಕ್ಕಿನ ತುಂಡೊಂದು ಅವಳ ಬಳಿ ಇತ್ತು, ಅದರ ಮೇಲೆ ಇಟ್ಟು ನೋಡಿದಳು. ಯಂತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದಿರು ಮೆತ್ತಗಾಯಿತೇ ಎಂದು ಅರೆಯುವ ಕಡೆಗೆ ಓಡಿ ಹಿಡಿ ಪುಡಿ ತಂದು ಗಂಡನ ಭೂತಗನ್ನಡಿಯ ಕೆಳಗೆ ಹರಡಿದಳು. ಒಂದೊಂದು ಕಣವೂ ಒಡೆದ ಗಾಜಿನಂತೆ ಚೂಪು. ಪಂಪ್‌ಹೌಸಿನ ದಿನಚರಿ ತರಿಸಿ ನೋಡಿದಳು. ಅಣ್ಣನ ಪ್ರತಿ ಪಾಳಿಯ ಮುಂದೆ ಅವನ ಗುಂಡು ಅಕ್ಷರದಲ್ಲಿ 'ಎಂದಿನಂತೆ' ಎಂದಿತ್ತು. ಆ ಅಕ್ಷರವನ್ನು ಅವಳು ಅನುಮಾನಿಸಲಿಲ್ಲ. ಅವಳಿಗೆ ಅ ಆ ಇ ಈ ತಿದ್ದಿಸಿದ ಅಕ್ಷರ ಅದು.

ಆಗಲೇ ಹೋಗಿ, "ಸರ್, ನನ್ನ ಲೆಕ್ಕ ಎಲ್ಲೋ ತಪ್ಪಿದೆ, ಯಾಕೆ ಅಂತ ಗೊತ್ತಾಗ್ತಿಲ್ಲ" ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇನ್ನೆರಡು ವಾರ ನೋಡೋಣ ಎಂದುಕೊಂಡಳು. ಮರ್ಯಾದೆಯ ಪ್ರಶ್ನೆ.

ನಲವತ್ತನೇ ದಿನ ಬಂತು, ಹೋಯಿತು. ಬೆಂಡು ಐದು ಬಿಂದು ಎರಡರಲ್ಲಿ ಕಲ್ಲುಗುಂಡಿನಂತೆ ಕೂತಿತ್ತು. ನಲವತ್ತೊಂದನೇ ದಿನ ಬೆಳಿಗ್ಗೆ ಅವಳು ಗೇಟು ದಾಟುವಷ್ಟರಲ್ಲಿ ಫಿಟ್ಟರುಗಳ ಗುಂಪಿನಿಂದ ಒಬ್ಬ, "ಅಕ್ಕಾ, ನನ್ನ ಮಗಳ ಮದುವೆ ಯಾವಾಗ ಅಂತ ನೋಡಿ ಹೇಳ್ತೀರಾ? ನಲವತ್ತು ದಿನದೊಳಗೆ ಆಗಲ್ಲ ಅಂದ್ರೆ ಆಗುತ್ತೆ ಅಂತ ಅರ್ಥ ಮಾಡ್ಕೋತೀನಿ" ಎಂದ. ಎಲ್ಲರೂ ನಕ್ಕರು. ಬೆಂಡಿಗೆ ಕಟ್ಟಿದ್ದ ಹಗ್ಗವನ್ನು ಯಾರೋ ಬಿಚ್ಚಿಕೊಂಡು ಹೋಗಿ ಸಾಮಾನು ಕಟ್ಟಿದ್ದರು. ಸಾಹೇಬರು ನಗಲಿಲ್ಲ, "ಹೋಗಲಿ ಬಿಡಿ, ಒಳ್ಳೇದೇ ಆಯ್ತಲ್ಲ" ಎಂದರು. ಅದು ನಗುವುದಕ್ಕಿಂತ ಹೆಚ್ಚು ಉರಿಯಿತು.

ಆ ನಾಲ್ಕೈದು ದಿನ ಅವಳ ಮೈಮೇಲೆ ಇರುವೆ ಬಿಟ್ಟಂತಿತ್ತು. ದಿನಕ್ಕೆ ಎರಡು ಸಲ ಹದಿನಾಲ್ಕನೇ ಬೆಂಡಿಗೆ ಹೋಗಿ ನಿಲ್ಲುವಳು. ಒಂದು ಮಧ್ಯಾಹ್ನ, ಬಿಸಿಲಲ್ಲಿ ಹಾಗೆ ನಿಂತಿದ್ದಾಗ, ತನ್ನ ಮನಸ್ಸು ಏನು ಹೇಳುತ್ತಿದೆಯೆಂದು ಅವಳಿಗೇ ಕೇಳಿಸಿತು: ಒಡೀ. ಒಡೀಬಾರದೇ ಒಂದು ಸಲ. ಅದೇ ಹೊತ್ತಿಗೆ ಸಾಮಾನಿನ ಗಾಡಿಯೊಂದು ಬೆಂಡಿನ ಪಕ್ಕದಲ್ಲೇ ಹಾದುಹೋಯಿತು; ಚಾಲಕ ಅವಳಿಗೆ ಕೈ ಬೀಸಿದ. ಅವಳ ಕಿವಿ ಬಿಸಿಯಾಯಿತು. ಮನೆಗೆ ಬಂದವಳು ಗಂಡನ ಮೇಜಿನ ಮುಂದೆ ನಿಂತು, "ನಾನು ಕೆಟ್ಟವಳಾ?" ಎಂದು ಕೇಳಿದಳು.

"ಕೂತ್ಕೊಂಡು ಕೇಳು, ಹೇಳ್ತೀನಿ" ಎಂದ ಅವನು.

ಅವಳು ಕೂರಲಿಲ್ಲ. ಮರುದಿನ ಬೆಳಿಗ್ಗೆ, ಪಂಪ್‌ಹೌಸಿನ ಗೋಡೆಯಿಂದ ಕೊಳದ ತನಕ ಹನ್ನೊಂದು ಕಿಲೋಮೀಟರನ್ನೂ ಕಾಲ್ನಡಿಗೆಯಲ್ಲಿ ನೋಡಿಯೇ ಬಿಡುತ್ತೇನೆಂದು ಹೊರಟಳು. ಅಂಥ ಉಪಾಯವೇನೂ ತಲೆಯಲ್ಲಿರಲಿಲ್ಲ. ಕಾಲು ಕೇಳಲಿಲ್ಲ, ಅಷ್ಟೇ.

ಕೊಳದ ದಂಡೆಯಲ್ಲಿ ತಗಡಿನ ಒಂದು ಶೆಡ್ಡು. ಅದರಲ್ಲಿ ಕೊಳ ಕಾಯುವ ಮುದುಕ. ವಾರಕ್ಕೊಮ್ಮೆ ಯಾರಾದರೂ ಮನುಷ್ಯರು ಕಂಡರೆ ಅವನಿಗೆ ಮಾತಿನ ಹಬ್ಬ.

"ಬಾ ತಾಯಿ. ಏನಾಗಿದೆ ನಿಮ್ಮ ಪೈಪಿಗೆ? ವಯಸ್ಸಾಯ್ತಾ ನನ್ನ ಹಾಗೆ?"

"ಯಾಕಜ್ಜ?"

"ಮೊದಲು ನೀರು ಬಿಟ್ಟು ತೊಳೆದು ದಿನಕ್ಕೆ ನಾಲ್ಕು ಗಂಟೆ ನಿಲ್ಲಿಸ್ತಿದ್ರು. ಆಗ ಒಂದು ನಿದ್ದೆ ತೆಗೀತಿದ್ದೆ. ಈಗ ಆರು ವಾರ ಆಯ್ತು, ನಿಲ್ಲೋದೇ ಇಲ್ಲ. ಬರ್ತಾನೇ ಇರುತ್ತೆ. ಬಂದ್ರೂ ಏನು ಸುಖ? ಮೊದಲು ಬಾಯಿ ತುಂಬ ಅಷ್ಟು ದೂರ ಉಗೀತಿತ್ತು. ಈಗ ಜೊಲ್ಲು ಸುರಿಸುತ್ತೆ."

ಅವಳು ಕೊಳವೆಯ ಬಾಯಿಯ ಹತ್ತಿರ ಹೋಗಿ ನೋಡಿದಳು. ರಾಡಿ ಮುಂದಕ್ಕೆ ಚಿಮ್ಮುತ್ತಿರಲಿಲ್ಲ. ಬಾಯಿಯ ಅಂಚಿನಿಂದ ನೇರ ಕೆಳಕ್ಕೆ, ತನ್ನ ಕಾಲ ಮೇಲೆ ತಾನೇ ಬೀಳುವಂತೆ ಸುರಿಯುತ್ತಿತ್ತು. ಆರು ವಾರ. ಇಪ್ಪತ್ತು ಗಂಟೆಯಲ್ಲಿ ತಳ್ಳುತ್ತಿದ್ದುದನ್ನು ಇಪ್ಪತ್ನಾಲ್ಕು ಗಂಟೆಗೆ ಎಳೆದಿದ್ದಾರೆ. ದಿನದ ಕೊನೆಗೆ ಲೆಕ್ಕ ಒಂದೇ ಆಗುವುದರಿಂದ ಯಾರಿಗೂ ತಿಳಿದಿಲ್ಲ. ಸ್ಪೀಡು ಇಳಿದಿದೆ. ಇಳಿಸಿದ್ದು ಯಾರು ಎಂದು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಬೂಟಿನ ಲೇಸಿನ ಮೇಲೆ ಬಾಗಿದ್ದ ಆ ತಲೆ ಕಣ್ಣಮುಂದೆ ಬಂತು.

ಅವಳಿಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಒಂದೇ ಪ್ರಶ್ನೆ: ಬೆಂಡನ್ನು ತಿನ್ನದ ಮರಳು ಆರು ವಾರ ಉಪವಾಸ ಇದ್ದೀತೇ? ನೀನು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುವ ಜಾತಿ. ತಳಕ್ಕೆ ಕೂತು ತೆವಳುತ್ತಿದ್ದರೆ ಅದು ತಳವನ್ನೇ ತಿನ್ನುತ್ತಿರಬೇಕು, ಅದೂ ಏರಿಳಿತವಿಲ್ಲದ ನೆಟ್ಟನೆಯ ಜಾಗದಲ್ಲಿ. ಅಂಥ ಜಾಗ ಇಡೀ ದಾರಿಯಲ್ಲಿ ಒಂದೇ. ಕಾರ್ಖಾನೆಯ ಕೆಲಸಗಾರರ ಬಸ್ಸು ನಿಲ್ಲುವ ರಸ್ತೆಯ ಪಕ್ಕ, ಎಂಟುನೂರು ಮೀಟರ್. ಅಲ್ಲಿ ಅವಳು ಆರು ತಿಂಗಳಿಗೊಮ್ಮೆ ಮೇಲೆ ಮತ್ತು ಪಕ್ಕಕ್ಕೆ ಮಾತ್ರ ಅಳೆಯುತ್ತಿದ್ದಳು. ತಳಕ್ಕೆ ಕೈ ಹೋಗುವುದು ಕಷ್ಟ. ಮೇಲಾಗಿ ಅಲ್ಲಿ ಎಂದೂ ಏನೂ ಆಗಿರಲಿಲ್ಲ.

ವಾಪಸು ಬರುವಾಗ ಅವಳು ನಡೆಯಲಿಲ್ಲ, ಓಡಿದಳು. ದಾರಿಯಲ್ಲಿ ಸಿಕ್ಕ ನೀರಿನ ಟ್ಯಾಂಕರಿನವನು ಕರುಣೆಯಿಂದ ಹತ್ತಿಸಿಕೊಂಡ.

ಎರಡು ಗಂಟೆಯ ಪಾಳಿ ಬದಲಾಗುವ ಹೊತ್ತು. ಬಸ್‌ಸ್ಟಾಪಿನಲ್ಲಿ ನೆರಳಿತ್ತು, ಬೆಂಚು ಇರಲಿಲ್ಲ. ಬೆಂಚಿನ ಬದಲು ಕೊಳವೆಯೇ ಇತ್ತು. ಸಿಮೆಂಟಿನ ದಿಮ್ಮಿಗಳ ಮೇಲೆ ಕೂತಿದ್ದ ಅದು ಕೂರುವುದಕ್ಕೆ ಹೇಳಿ ಮಾಡಿಸಿದ ಎತ್ತರ. ಇಪ್ಪತ್ತು ಜನ ಸಾಲಾಗಿ ಅದರ ಮೇಲೆ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದರು. ಅವಳು ಅವರ ಕಾಲುಗಳ ಪಕ್ಕದಲ್ಲಿ ಹೊಟ್ಟೆ ಅಡಿಯಾಗಿ ಮಲಗಿ, ಕೊಳವೆಯ ಕೆಳಗೆ ಕೈ ತೂರಿಸಿ, ಧೂಳು ಒರೆಸಿ, ಜೆಲ್ ಸವರಿ, ಮೂತಿಯನ್ನು ಒತ್ತಿದಳು.

ನಾಲ್ಕು ಬಿಂದು ಎರಡು.

ಒಂದು ಮಾರು ಮುಂದೆ ತೆವಳಿದಳು. ಮೂರು ಬಿಂದು ಆರು. ಇನ್ನೊಂದು ಮಾರು. ಎರಡು ಬಿಂದು ಎಂಟು.

ಎದ್ದು ನಿಂತಾಗ ಅವಳ ಮುಖದ ತುಂಬ ಮಣ್ಣು. "ಏಳಿ. ಎಲ್ಲರೂ ಏಳಿ. ಇದು ಒಡೆಯುತ್ತೆ" ಎಂದಳು.

ಯಾರೂ ಏಳಲಿಲ್ಲ. "ಎಷ್ಟು ದಿನಕ್ಕಕ್ಕಾ? ನಲವತ್ತಾ?" ಎಂದಿತು ಒಂದು ದನಿ. ಕ್ಯಾಂಟೀನಿನ ಹೆಂಗಸು ಮೆಲ್ಲಗೆ, "ಪಾಪ, ಬಿಸಿಲು ತಲೆಗೇರಿದೆ. ನೀರು ಕೊಡಿ" ಎಂದಳು. ಇಡೀ ಸಾಲು ನಕ್ಕಿತು. ಆದರೆ ಕೂತಲ್ಲೇ ಕೂತಿತ್ತು.

ಅವಳಿಗೆ ವಾದ ಮಾಡಲು ಪುರುಸೊತ್ತಿರಲಿಲ್ಲ. ಗುರುತು ಹಾಕಲು ಚೀಲದಲ್ಲಿ ಸದಾ ಇರುತ್ತಿದ್ದ ಹಳದಿ ಬಣ್ಣದ ಡಬ್ಬವನ್ನು ತೆಗೆದು, ಮುಚ್ಚಳ ಕಿತ್ತು, ಸಾಲಿನ ಆ ತುದಿಯಿಂದ ಬ್ರಷ್ಷನ್ನು ಎಳೆಯುತ್ತ ಬಂದಳು. ಹಸಿ ಬಣ್ಣ ಮೊದಲನೆಯವನ ಪ್ಯಾಂಟಿಗೆ ತಾಗುವುದರೊಳಗೆ ಅವನು ಹಾರಿದ. ಎರಡನೆಯವನು ಹಾರಿದ. ಸಾವು ಬರುತ್ತದೆಂದರೆ ಏಳದವರು, ಬಟ್ಟೆಗೆ ಬಣ್ಣ ಹತ್ತುತ್ತದೆಂದಾಗ ಕಪ್ಪೆಗಳ ಹಾಗೆ ಒಬ್ಬರ ಹಿಂದೊಬ್ಬರು ನೆಗೆದರು. ಕ್ಯಾಂಟೀನಿನ ಹೆಂಗಸಿನ ಚೀಲ ಹಾಳಾಯಿತು. ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಡಬ್ಬ ಬರಿದಾಗುವ ತನಕ ಸುರಿದು, "ಎಲ್ಲರನ್ನೂ ರಸ್ತೆಯ ಆಚೆ ಬದಿಗೆ ಕಳಿಸಿ, ಈಚೆ ಯಾರನ್ನೂ ಬಿಡಬೇಡಿ" ಎಂದು ಗೇಟಿನ ಕಾವಲುಗಾರನಿಗೆ ಕೂಗಿ ಹೇಳಿ, ಅವಳು ಪಂಪ್‌ಹೌಸಿನ ಕಡೆ ಓಡಿದಳು.

ಅಣ್ಣ ಪಾಳಿಯಲ್ಲಿದ್ದ. ಅವಳ ಹಳದಿ ಕೈಗಳನ್ನು ನೋಡಿ ಎದ್ದು ನಿಂತ.

"ಸ್ಪೀಡು ಎಷ್ಟಿದೆ ಅಣ್ಣ?"

ಅವಳು ಅವನನ್ನು ದಾಟಿ ಹೋಗಿ ತಾನೇ ಪಂಪಿನ ಮೀಟರು ನೋಡಿದಳು. ಶೇಕಡಾ ನೂರು ಇರಬೇಕಾದ ಕಡೆ ಎಂಬತ್ತೈದು.

"ನಿನ್ನ ಬೆಂಡು ಉಳೀತಲ್ಲ" ಎಂದ ಅವನು.

"ಬೆಂಡು ಉಳೀತು. ಬಸ್‌ಸ್ಟಾಪಿನ ಹತ್ರ ತಳ ಎರಡು ಬಿಂದು ಎಂಟಕ್ಕೆ ಬಂದಿದೆ. ಜನ ಅದರ ಮೇಲೆ ಕೂತಿದ್ರು."

ಅಣ್ಣ ಮೀಟರಿನ ಕಡೆ ತಿರುಗಿದ. "ಎಂಬತ್ತರ ಕೆಳಗೆ ಹೋದ್ರೆ ಮಾತ್ರ ಮರಳು ಕೂರುತ್ತೆ. ಇಪ್ಪತ್ತಾರು ವರ್ಷದಿಂದ ನೋಡಿದೀನಿ. ಅದಕ್ಕೇ ಐದು ಮೇಲಿಟ್ಟಿದ್ದೆ."

"ಅದು ಹಳೇ ಅದಿರಿನ ಲೆಕ್ಕ ಅಣ್ಣ. ಈ ಪುಡಿ ದಪ್ಪ. ಇದು ತೊಂಬತ್ತಕ್ಕೇ ಕೂರುತ್ತೆ. ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

"ಕೇಳಿದ್ರೆ ನೀನು ಸಾಹೇಬ್ರಿಗೆ ಹೇಳ್ಬೇಕಾಗ್ತಿತ್ತು. ಅವರು ಬೇಡ ಅಂತಿದ್ರು." ಅವಳ ಕಡೆ ತಿರುಗಿ, "ನೀನು ಹೇಳಿದ್ದನ್ನ ಯಾರೂ ನಂಬಲಿಲ್ಲ ಅಂದೆಯಲ್ಲ. ನಾನು ನಂಬಿದೆ" ಎಂದ.

ನಿಂತು ಅಳುವ ಹೊತ್ತಲ್ಲ ಅದು. ಪಂಪನ್ನು ಹಾಗೇ ನಿಲ್ಲಿಸಿದರೆ ಹನ್ನೊಂದು ಕಿಲೋಮೀಟರ್ ಉದ್ದಕ್ಕೂ ರಾಡಿ ಕೂತು ಕಲ್ಲಾಗುತ್ತದೆ. ಮೊದಲು ಬರಿ ನೀರು ಹಾಯಿಸಿ ತೊಳೆಯಬೇಕು. ತೊಳೆಯಬೇಕಾದರೆ ಒತ್ತಡ ಬೇಕು. ಒತ್ತಡ ಕೊಟ್ಟರೆ ಆ ತೆಳು ಜಾಗ ತಡೆಯುತ್ತದೋ ಇಲ್ಲವೋ.

"ತೊಳಿ" ಎಂದಳು. "ನಿಧಾನಕ್ಕೆ ಏರಿಸು. ಜನರನ್ನ ನಾನು ನೋಡ್ಕೋತೀನಿ."

ಅಣ್ಣ ದಿನಚರಿಯ ಪುಸ್ತಕವನ್ನು ಎಳೆದುಕೊಂಡ. ಇಂದಿನ ದಿನಾಂಕ, ಗಂಟೆ, ನಿಜವಾದ ಸ್ಪೀಡು ಬರೆದ. ಅದರ ಕೆಳಗೆ, ಆರು ವಾರದಿಂದ ಎಂಬತ್ತೈದರಲ್ಲಿ ಓಡಿಸಿದ್ದೇನೆ, ಉಳಿದ ಇಬ್ಬರು ಆಪರೇಟರುಗಳು ನಾನು ಹೇಳಿದ್ದಕ್ಕೆ ಮಾಡಿದರು, ಅವರ ತಪ್ಪಿಲ್ಲ ಎಂದು ಬರೆದು ಸಹಿ ಹಾಕಿದ. ಆಮೇಲೆ ನೀರಿನ ವಾಲ್ವು ತಿರುಗಿಸಿದ. ಯಾರ ಅಪ್ಪಣೆಗೂ ಕಾಯಲಿಲ್ಲ.

ತೊಳೆಯುವುದಕ್ಕೆ ಎರಡು ಗಂಟೆ ಹಿಡಿಯಿತು. ಅವಳು ಬಸ್‌ಸ್ಟಾಪಿನ ಎದುರು ಬದಿಯಲ್ಲಿ ಅತ್ತಿಂದಿತ್ತ ಇತ್ತಿಂದತ್ತ ನಡೆಯುತ್ತಲೇ ಇದ್ದಳು. ಅದು ಮುಗಿಯುತ್ತ ಬಂದ ಹೊತ್ತಿಗೆ ಕೊಳವೆಯ ಕೆಳಗಿನಿಂದ ಸೀಟಿ ಹೊಡೆದಂತೆ ಒಂದು ಸದ್ದು ಬಂತು. ನೋಡಿದರೆ, ಸೂಜಿಯಷ್ಟು ಸಪುರವಾದ ನೀರಿನ ಗೀಟೊಂದು ತಳದಿಂದ ನೆಲಕ್ಕೆ ಬಡಿಯುತ್ತಿತ್ತು. ನೋಡನೋಡುತ್ತಿದ್ದಂತೆ ಗೀಟು ಬೆರಳಿನಷ್ಟಾಯಿತು. ಕೆಳಗಿನ ನೆಲ ಕಿತ್ತು ಜಲ್ಲಿಕಲ್ಲು ರಸ್ತೆಯ ನಡುವಿನ ತನಕ ಎಗರಿ ಬಿತ್ತು. ಕ್ಯಾಂಟೀನಿನ ಹೆಂಗಸು ತನ್ನ ಹಳದಿ ಚೀಲವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಒಳಗೆ ರಾಡಿ ಉಳಿದಿರಲಿಲ್ಲ, ಬರಿ ನೀರಿತ್ತು. ಒತ್ತಡ ಇಳಿದದ್ದನ್ನು ಕಂಡು ಅಣ್ಣ ಪಂಪು ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ.

ವಿಚಾರಣೆ ಎರಡು ದಿನ ನಡೆಯಿತು. ಸಾಹೇಬರು ಬೆಂಡಿನದು, ಬಸ್‌ಸ್ಟಾಪಿನದು ಎಂದು ಅವಳ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, "ನೀವು ಹೇಳಿದ್ದು ಒಡೀಲಿಲ್ಲ. ಹೇಳದೇ ಇದ್ದದ್ದು ಒಡೀತು" ಎಂದರು. ಬೈಗುಳದ ದನಿಯಲ್ಲಿ ಹೇಳಲಿಲ್ಲ. ಅದು ನಿಜವಾಗಿತ್ತು. ವರದಿ ಕೊಟ್ಟ ಮರುವಾರದಿಂದಲೇ ಅಂಕಿ ತಪ್ಪುತ್ತಿತ್ತು, ತಾನು ಬಾಯಿಬಿಡಲಿಲ್ಲ ಎಂದು ಅವಳು ತಾನಾಗಿಯೇ ಬರೆದುಕೊಟ್ಟಳು. ಅವಳಿಗೆ ಒಂದು ಎಚ್ಚರಿಕೆಯ ಪತ್ರ ಬಂತು. ಅಣ್ಣನನ್ನು ಪಂಪ್‌ಹೌಸಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಬೋಲ್ಟು, ವಾಷರು, ಕೈಗವಸು ಎಣಿಸಿ ಕೊಡುವ ಕೆಲಸ. ಹೊಸ ಬೆಂಡು ಬಂತು; ಬಸ್‌ಸ್ಟಾಪಿನ ಕೊಳವೆಗಳನ್ನೂ ಬದಲಾಯಿಸಿದರು, ಅದರ ಮುಂದೆ ಬೇಲಿ ಹಾಕಿ, ಕೂರಲು ಕಲ್ಲಿನ ಬೆಂಚೊಂದನ್ನು ಕಟ್ಟಿಸಿದರು.

ಅತ್ತಿಗೆ ಅವಳೊಂದಿಗೆ ಮಾತು ಬಿಟ್ಟಳು. "ನಿನ್ನ ಅಳತೆ ನಿನ್ನ ಹತ್ರ ಇಟ್ಕೋಬೇಕಿತ್ತು. ನಮ್ಮ ಮನೆಗೆ ಯಾಕೆ ತಂದೆ?" ಎಂಬುದೇ ಕೊನೆಯ ಮಾತು. ಅಮ್ಮನನ್ನು ನೋಡಲು ಹೋದರೆ ಅತ್ತಿಗೆ ಹಿತ್ತಲಿಗೆ ಹೋಗಿಬಿಡುವಳು. ಏಳು ತಿಂಗಳು ಹೀಗೇ ಕಳೆಯಿತು. ಅವಳು ಮುಳ್ಳಿನ ಮೇಲೆ ಕೂತ ಹಾಗೆ ಅಮ್ಮನ ಪಕ್ಕ ಹತ್ತು ನಿಮಿಷ ಕೂತು ಎದ್ದು ಬರುತ್ತಿದ್ದಳು.

ಎಂಟನೇ ತಿಂಗಳು ಒಂದು ಬೆಳಿಗ್ಗೆ ಅತ್ತಿಗೆಯೇ ಅವಳ ಮನೆ ಬಾಗಿಲಿಗೆ ಬಂದಳು. ಒಳಗೆ ಬಾ ಎನ್ನುವುದಕ್ಕೂ ಬಿಡದೆ, "ನಿಮ್ಮಣ್ಣನನ್ನ ಹೇಗಾದ್ರೂ ಮಾಡಿ ಪಂಪ್‌ಹೌಸಿಗೆ ವಾಪಸ್ ಹಾಕ್ಸೇ, ನಿಂಗೆ ಕೈ ಮುಗೀತೀನಿ" ಎಂದಳು.

"ಯಾಕತ್ತಿಗೆ, ಏನಾಯ್ತು? ಹುಷಾರಿಲ್ವಾ?"

"ಹುಷಾರಾಗೇ ಇದಾರೆ. ಮಾತಾಡ್ತಾರೆ! ಸ್ಟೋರಿನಲ್ಲಿ ದಿನವಿಡೀ ಜನ ಬರ್ತಾರೆ, ಇವರು ಮಾತು ಕಲ್ತುಬಿಟ್ಟಿದಾರೆ. ಮನೆಗೆ ಬಂದ್ರೆ ಬಾಯಿ ಮುಚ್ಚಲ್ಲ. ಯಾರು ಯಾವ ಬೋಲ್ಟು ತಗೊಂಡ್ರು, ಯಾರು ಕೈಗವಸು ವಾಪಸ್ ಕೊಡಲಿಲ್ಲ... ಇಪ್ಪತ್ತೆರಡು ವರ್ಷ ಸುಮ್ಮನಿದ್ದ ಮನುಷ್ಯನ ಜೊತೆ ಸಂಸಾರ ಮಾಡಿದೀನಿ ಕಣೇ. ಈ ಮನುಷ್ಯ ಯಾರೋ ನಂಗೆ ಗೊತ್ತಿಲ್ಲ."

ಅವಳು ನಕ್ಕಳು. ಅತ್ತಿಗೆ ಮುಖ ಗಂಟಿಕ್ಕಿಕೊಂಡೇ ಇರಲು ನೋಡಿದಳು, ಆಗಲಿಲ್ಲ. ಒಳಗೆ ಬಂದು ಕೂತಳು. ಆದರೆ ಅಣ್ಣ ಪಂಪ್‌ಹೌಸಿಗೆ ಮರಳಲಿಲ್ಲ. ಅಲ್ಲಿ ಬೇರೆಯವರು ಬಂದಾಗಿತ್ತು. ನಿವೃತ್ತಿಯ ತನಕ ಸ್ಟೋರಿನಲ್ಲೇ ಉಳಿದ. ಕೆಲವೊಮ್ಮೆ ಮಧ್ಯಾಹ್ನ ಕಿಟಕಿಯ ಬಳಿ ನಿಂತು ದೂರದ ಪಂಪಿನ ಸದ್ದಿಗೆ ಕಿವಿಕೊಡುವುದನ್ನು ಅವಳು ನೋಡಿದ್ದಾಳೆ. ಆಗ ಅವಳು ಕರೆಯದೆ ಹಿಂದಿರುಗುತ್ತಿದ್ದಳು.

ಅದಾದ ಮೇಲೆ ಅವಳ ಕೆಲಸದ ರೀತಿ ಬದಲಾಯಿತು. ಉಕ್ಕು ಎಷ್ಟು ಸವೆಯುತ್ತದೆಂದು ಲೆಕ್ಕ ಹಾಕಬಹುದು. ಆ ಲೆಕ್ಕ ಕೇಳಿದವರು ಏನು ಮಾಡುತ್ತಾರೆಂದು ಹಾಕುವುದು ಹೇಗೆ? ಯಾವ ಪುಸ್ತಕದಲ್ಲೂ ಅದಕ್ಕೆ ಸೂತ್ರವಿರಲಿಲ್ಲ. ಹಾಗಾಗಿ ವರದಿ ಸಾಹೇಬರ ಮೇಜಿಗೆ ಹೋಗುವ ಮೊದಲು ಪಂಪ್‌ಹೌಸಿಗೆ ಹೋಗತೊಡಗಿತು. ಆ ಸದ್ದಿನ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿ ಓದುತ್ತಾಳೆ: ಯಾವ ಜಾಗ, ಎಷ್ಟು ಉಳಿದಿದೆ, ಏನು ಮಾಡಬಹುದು, ಏನು ಮಾಡಬಾರದು. ಫಿಟ್ಟರುಗಳಿಗೂ ಓದುತ್ತಾಳೆ. ಬೇಸಿಗೆಯಲ್ಲಿ ಕೊಳದ ಮುದುಕನ ತನಕ ಹೋಗಿ ಓದಿ ಬರುತ್ತಾಳೆ. ಸಾಹೇಬರು ಮೊದಲು ಗೊಣಗಿದರು, ಆಮೇಲೆ ರೂಢಿಯಾಯಿತು. ಅವಳ ಲೆಕ್ಕ ಈಗಲೂ ತಪ್ಪುತ್ತದೆ. ತಪ್ಪಿದ ದಿನವೇ ಹೋಗಿ ಹೇಳುತ್ತಾಳೆ. ಹಾಗೆಂದು ರಾತ್ರಿ ನಿದ್ದೆಯೇನೂ ಹೆಚ್ಚಾಗಿಲ್ಲ.

ಈಚೆಗೆ ಎರಡನೇ ಕೊಳವೆ ಸಾಲು ಶುರುವಾಗಿದೆ. ಮೊನ್ನೆ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಪಂಪ್‌ಹೌಸಿನ ಹೊಸ ಆಪರೇಟರ್ ಫೋನು ಮಾಡಿದ.

"ಅಕ್ಕಾ, ಎರಡನೇ ಲೈನು. ನೀವು ಮೂರನೇ ಬೆಂಡಿನ ವಿಷಯ ಹೇಳಿದ್ರಲ್ಲ, ಮನಸ್ಸು ತಡೀತಿಲ್ಲ. ಒಂದೆರಡು ಪಾಯಿಂಟು ಇಳಿಸಿಬಿಡಲಾ?"

"ಮುಟ್ಟಬೇಡಪ್ಪ!" ಎಂದಳು. "ಈಗ ಎಷ್ಟಿದೆ? ನಿಜ ಹೇಳು."

"ತೊಂಬತ್ತೇಳು."

"ನೀನು ಪಾಳಿಗೆ ಬಂದಾಗ ಎಷ್ಟಿತ್ತು?"

"ನೂರು... ಅಕ್ಕಾ, ಮೂರೇ ಮೂರು."

ಬಾಚಣಿಗೆಯನ್ನು ತಲೆಯಲ್ಲೇ ಬಿಟ್ಟು ಅವಳು ಚೀಲ ಹೆಗಲಿಗೇರಿಸಿದಳು. "ತಿಂಡಿ?" ಎಂದ ಗಂಡ, ಮೇಜಿನಿಂದ ತಲೆ ಎತ್ತದೆ. ಅವಳು ಆಗಲೇ ಮೆಟ್ಟಿಲು ಇಳಿದಾಗಿತ್ತು.